ಪುದೀನ ಚಹಾ: ಹೊಟ್ಟೆಯುಬ್ಬರಕ್ಕೆ ಹಿತ, ಎದೆನೋವಿಗೆ ಮದ್ದಲ್ಲ

ಹಾಸನ: ಹೊಟ್ಟೆ ಉಬ್ಬರಿಸಿದರೆ ಪುದೀನ, ತಲೆ ಸಿಡಿದರೆ ಪುದೀನ, ಮೂಗು ಕಟ್ಟಿದರೆ ಪುದೀನ. ಉಂಡದ್ದು ಅರಗದೆ ಎದೆ ಉರಿದರೂ ಅದೇ ಪುದೀನ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಿಂದ ಹಿಡಿದು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂತೆಗಳವರೆಗೆ ಕೊತ್ತಂಬರಿ, ಸಬ್ಬಸಿಗೆಯ ಮಗ್ಗುಲಲ್ಲೇ ಕಟ್ಟುಕಟ್ಟಾಗಿ ಕುಳಿತಿರುವ ಈ ಸೊಪ್ಪು ಬಹುಕಾಲ ಚಟ್ನಿ, ಪಲಾವ್ ಮತ್ತು ಬಿರಿಯಾನಿಗಷ್ಟೇ ಮೀಸಲಾಗಿತ್ತು. ಈಗ ಅದರ ಹತ್ತಿರದ ನಂಟನೊಂದು ಪುಟ್ಟ ಕಾಗದದ ಚೀಲದೊಳಗೆ ಸೇರಿ, 'ಪೆಪ್ಪರ್‌ಮಿಂಟ್ ಟೀ' ಎಂಬ ಹೆಸರು ಹೊತ್ತು ಪೇಟೆಯ ದೊಡ್ಡ ಅಂಗಡಿಗಳ ಕಪಾಟಿಗೂ ಬಂದಿದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲೇ ಕಾಫಿ ಬಿಡಬಯಸುವವರು, ಮಧುಮೇಹಿಗಳು, ತೂಕ ಇಳಿಸಿಕೊಳ್ಳಲು ಹೊರಟವರು ಇದನ್ನು ಕುಡಿಯತೊಡಗಿದ್ದಾರೆ. ಇದರಿಂದ ನಿಜಕ್ಕೂ ಆಗುವ ಉಪಯೋಗವೇನು, ಯಾರು ಕುಡಿಯಬಹುದು, ಯಾರು ದೂರವಿರಬೇಕು ಎಂಬುದನ್ನು ತಿಳಿಯಬೇಕಾದರೆ ಮೊದಲು ಬಟ್ಟಲಿನಲ್ಲಿರುವುದು ಯಾವ ಎಲೆ ಎಂಬುದನ್ನು ಕೇಳಿಕೊಳ್ಳಬೇಕಾಗುತ್ತದೆ.

ಹೆಸರೊಂದು, ಗಿಡ ಮೂರು

ಕನ್ನಡದ ಮಕ್ಕಳಿಗೆ 'ಪೆಪ್ಪರ್‌ಮಿಂಟು' ಎಂದರೆ ಗಿಡವಲ್ಲ. ಆಗಸ್ಟ್ 15ರಂದು ಬಾವುಟ ಹಾರಿದ ಮೇಲೆ ಶಾಲೆಯಲ್ಲಿ ಕೈಗೆ ಬೀಳುವ ಸಿಹಿ. ಕಿತ್ತಳೆ ಬಣ್ಣದ, ಹುಳಿ ರುಚಿಯ ಮಿಠಾಯಿಗೂ ಹಳ್ಳಿಯ ಅಂಗಡಿಯಲ್ಲಿ ಅದೇ ಹೆಸರು. ಆದರೆ ಆ ಹೆಸರಿನ ಹಿಂದೆ ಒಂದು ನಿಜವಾದ ಸಸ್ಯವಿದೆ. ಸಸ್ಯಶಾಸ್ತ್ರಜ್ಞರು ಅದನ್ನು 'ಮೆಂಥಾ ಪೈಪರಿಟಾ' ಎನ್ನುತ್ತಾರೆ. ನೀರಿನ ಬದಿಯಲ್ಲಿ ಬೆಳೆಯುವ ಒಂದು ಜಾತಿಯ ಪುದೀನಕ್ಕೂ ಅಡುಗೆಯ ಪುದೀನಕ್ಕೂ ತಾನಾಗಿಯೇ ಆದ ಸಂಕರದಿಂದ ಹುಟ್ಟಿದ ಗಿಡ ಇದು. ಇಂಗ್ಲೆಂಡಿನಲ್ಲಿ 17ನೇ ಶತಮಾನದ ಕೊನೆಯ ಹೊತ್ತಿಗೆ ಇದನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. ಸಂಕರ ತಳಿಯಾದ ಕಾರಣ ಇದರಲ್ಲಿ ಮೊಳೆಯುವ ಬೀಜ ಕಟ್ಟುವುದಿಲ್ಲ; ಬೇರುಕಾಂಡ ಅಥವಾ ಕಡ್ಡಿಯಿಂದಲೇ ವಂಶ ಮುಂದುವರಿಯಬೇಕು. 'ಪೆಪ್ಪರ್‌ಮಿಂಟ್ ಬೀಜ' ಎಂದು ಬಣ್ಣದ ಪೊಟ್ಟಣದಲ್ಲಿ ಮಾರುವುದನ್ನು ಕೊಳ್ಳುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಹಣ ಉಳಿಯುತ್ತದೆ.

ನಮ್ಮ ಸಂತೆಯ ಪುದೀನ ಬಹುಮಟ್ಟಿಗೆ ಇನ್ನೊಂದು ಜಾತಿ, 'ಮೆಂಥಾ ಸ್ಪೈಕಾಟ'. ಎರಡನ್ನೂ ಎದುರಿಗಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಡುಗೆ ಪುದೀನದ ಎಲೆಗೆ ತೊಟ್ಟು ಇಲ್ಲವೆಂಬಷ್ಟು ಗಿಡ್ಡ. ಎಲೆ ಕಾಂಡಕ್ಕೇ ಅಂಟಿದಂತಿರುತ್ತದೆ, ಬಣ್ಣ ತಿಳಿಹಸಿರು. ಪೆಪ್ಪರ್‌ಮಿಂಟ್‌ನ ಎಲೆಗೆ ಸ್ಪಷ್ಟವಾದ ತೊಟ್ಟಿದ್ದು, ಕಾಂಡದಲ್ಲಿ ನೇರಳೆ ಛಾಯೆ ಇರುತ್ತದೆ. ಅಗಿದು ನೋಡಿದರಂತೂ ಸಂದೇಹವೇ ಉಳಿಯದು. ಒಂದು ಬರೀ ಪರಿಮಳ ಬೀರಿದರೆ, ಇನ್ನೊಂದು ನಾಲಿಗೆಯನ್ನು ಕೊರೆಯುವಂತೆ ತಂಪು ಮಾಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಎಲೆಯೊಳಗಿನ ತೈಲ. ಪೆಪ್ಪರ್‌ಮಿಂಟ್ ತೈಲದ ಮುಖ್ಯ ಅಂಶ ಮೆಂಥಾಲ್. ನೂರರಲ್ಲಿ ಸುಮಾರು 30ರಿಂದ 55 ಭಾಗ ಅದೇ ಇರುತ್ತದೆ. ಅಡುಗೆ ಪುದೀನದಲ್ಲಿ ಮೆಂಥಾಲ್ ಅತ್ಯಲ್ಪ. ಅಲ್ಲಿ ಕಾರ್ವೋನ್ ಎಂಬ ಬೇರೊಂದು ವಸ್ತುವೇ ಪ್ರಧಾನ. ಸಬ್ಬಸಿಗೆ ಬೀಜದ ಪರಿಮಳಕ್ಕೂ ಇದೇ ಕಾರ್ವೋನ್ ಕಾರಣವೆಂದರೆ ಓದುಗರಿಗೆ ಅಚ್ಚರಿಯಾದೀತು. ಎರಡರ ಅಣುಗಳೂ ಎಡಗೈ ಬಲಗೈಗಳಂತೆ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಮೂಗು ಮಾತ್ರ ಆ ಎಡ–ಬಲವನ್ನು ಗುರುತಿಸಿ, ಒಂದನ್ನು ಪುದೀನವೆಂದೂ ಇನ್ನೊಂದನ್ನು ಸಬ್ಬಸಿಗೆಯೆಂದೂ ಬೇರ್ಪಡಿಸುತ್ತದೆ.

ಮೂರನೆಯದು 'ಮೆಂಥಾ ಆರ್ವೆನ್ಸಿಸ್'. ಉತ್ತರ ಪ್ರದೇಶದ ಬಾರಾಬಂಕಿ ಮುಂತಾದ ಜಿಲ್ಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಇದರ ತೈಲದಲ್ಲಿ ಮೆಂಥಾಲ್ ಅಂಶ ಶೇ 70ನ್ನೂ ಮೀರುತ್ತದೆ. 1959ರಲ್ಲಿ ಆರಂಭವಾದ, ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ರೂಪಿಸಿದ ತಳಿಗಳ ಬಲದಿಂದ ಭಾರತ ಈ ತೈಲದ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ. ತಲೆನೋವಿನ ಮುಲಾಮು, ಹಲ್ಲುಜ್ಜುವ ಪೇಸ್ಟು, ಕೆಮ್ಮಿನ ಮಾತ್ರೆ, ಗ್ರಂಧಿಗೆ ಅಂಗಡಿಯ 'ಪುದೀನ ಸತ್ವ', ಕರ್ಪೂರ ಮತ್ತು ಓಮದ ಸತ್ವದೊಡನೆ ಅದನ್ನು ಬೆರೆಸಿ ಮಾಡುವ ಅಮೃತಧಾರೆ, ಇವೆಲ್ಲಕ್ಕೂ ಮೂಲ ಈ ಮೆಂಥಾಲ್.

ಹಾಗಾಗಿ ಪೆಪ್ಪರ್‌ಮಿಂಟ್ ಕುರಿತು ವಿದೇಶಗಳಲ್ಲಿ ನಡೆದ ಪ್ರಯೋಗಗಳ ಫಲವನ್ನು ಮನೆಯ ಪುದೀನ ಕಷಾಯಕ್ಕೆ ಹಾಗೆಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆರೋಗ್ಯ ಸಲಹೆ ನೀಡುವ ಬಹಳಷ್ಟು ಬರಹಗಳು ಎಡವುವುದು ಇಲ್ಲಿಯೇ.

ತಂಪಿಲ್ಲದ ತಂಪು

ಬಿಸಿ ಚಹಾ ಕುಡಿದರೂ ಬಾಯಿ ತಂಪಾಗುವುದು ಹೇಗೆ? ನಮ್ಮ ಚರ್ಮ ಮತ್ತು ಬಾಯಿಯ ನರಗಳ ತುದಿಯಲ್ಲಿ ಚಳಿಯನ್ನು ಗುರುತಿಸುವ ಒಂದು ಪ್ರೋಟೀನು ಇದೆ. ಉಷ್ಣತೆ ಇಳಿದಾಗ ಅದು ತೆರೆದುಕೊಂಡು ಮೆದುಳಿಗೆ ಸುದ್ದಿ ಕಳಿಸುತ್ತದೆ. ಮೆಂಥಾಲ್ ಆ ಪ್ರೋಟೀನಿಗೆ ತಾಗಿದರೂ ಬಾಗಿಲು ತೆರೆದುಕೊಳ್ಳುತ್ತದೆ. ಅಂದರೆ ಬಾಯಿ ತಣ್ಣಗಾಗಿರುವುದಿಲ್ಲ, ತಣ್ಣಗಾಗಿದೆ ಎಂಬ ಸುದ್ದಿ ಮಾತ್ರ ಹೋಗಿರುತ್ತದೆ. 2002ರಲ್ಲಿ ಇದನ್ನು ಪತ್ತೆಹಚ್ಚಿದವರಲ್ಲಿ ಡೇವಿಡ್ ಜೂಲಿಯಸ್ ಹಾಗೂ ಆರ್ಡೆಮ್ ಪಟಪೂಟಿಯನ್ ಮುಖ್ಯರು. ಶಾಖ ಮತ್ತು ಸ್ಪರ್ಶದ ಅರಿವಿನ ಕುರಿತ ಸಂಶೋಧನೆಗಳಿಗಾಗಿ ಇಬ್ಬರಿಗೂ 2021ರ ನೊಬೆಲ್ ಪ್ರಶಸ್ತಿ ಸಂದಿತು.

ನೆಗಡಿಯಲ್ಲೂ ಇದೇ ಆಟ. ಮೆಂಥಾಲ್ ಆವಿ ಎಳೆದುಕೊಂಡಾಗ ಮೂಗು ಬಿಚ್ಚಿಕೊಂಡ ಅನುಭವವಾಗುತ್ತದೆ. ಆದರೆ ಅಳತೆ ಮಾಡಿ ನೋಡಿದಾಗ ಮೂಗಿನೊಳಗಿನ ಗಾಳಿಯ ಓಡಾಟ ಹೆಚ್ಚಿದ್ದು ಕಂಡುಬಂದಿಲ್ಲ. ಹಿತವಾಗುವುದು ಸುಳ್ಳಲ್ಲ, ಕಟ್ಟಿದ ಮೂಗು ತೆರೆಯಿತು ಎಂಬುದಷ್ಟೇ ಸುಳ್ಳು.

ಹೊಟ್ಟೆಗೆ ಎಷ್ಟು ಉಪಕಾರಿ?

ಪೆಪ್ಪರ್‌ಮಿಂಟ್‌ನ ಹೆಸರು ಉಳಿದಿರುವುದು ಮುಖ್ಯವಾಗಿ ಹೊಟ್ಟೆಯ ವಿಷಯದಲ್ಲಿ, ಮತ್ತು ಅದಕ್ಕೆ ಆಧಾರವೂ ಇದೆ. ಕರುಳಿನ ಗೋಡೆಯ ಸ್ನಾಯುಗಳು ಸುಣ್ಣದ ಅಂಶ ಒಳನುಗ್ಗಿದಾಗ ಬಿಗಿಯುತ್ತವೆ. ಮೆಂಥಾಲ್ ಆ ಒಳಹರಿವನ್ನು ತಗ್ಗಿಸಿ ಸ್ನಾಯುವನ್ನು ಸಡಿಲಿಸುತ್ತದೆ. ಬಿಗಿ ಹೋದಾಗ ಸಿಕ್ಕಿಕೊಂಡ ವಾಯು ಮುಂದೆ ಸಾಗಿ ಉಬ್ಬರವೂ ಹಿಂಡುವ ನೋವೂ ಕಡಿಮೆಯಾಗುತ್ತವೆ. ಐರೋಪ್ಯ ಔಷಧ ಪ್ರಾಧಿಕಾರವು ಪೆಪ್ಪರ್‌ಮಿಂಟ್ ಎಲೆಯ ಕಷಾಯವನ್ನು ಅಜೀರ್ಣ ಮತ್ತು ಹೊಟ್ಟೆಯುಬ್ಬರಕ್ಕೆ ಬಳಸಬಹುದೆಂದು ಒಪ್ಪಿದೆ. ಆದರೆ ಆ ಒಪ್ಪಿಗೆ ದೀರ್ಘಕಾಲದ ಬಳಕೆಯ ಅನುಭವವನ್ನು ಆಧರಿಸಿದ್ದೇ ಹೊರತು ರೋಗಿಗಳ ಮೇಲೆ ನಡೆದ ಕಟ್ಟುನಿಟ್ಟಿನ ಪ್ರಯೋಗಗಳನ್ನಲ್ಲ ಎಂಬುದು ಗಮನಾರ್ಹ.

ಪ್ರಯೋಗಗಳು ನಡೆದಿರುವುದು ಚಹಾದ ಮೇಲಲ್ಲ, ತೈಲದ ಗುಳಿಗೆಗಳ ಮೇಲೆ. ಪದೇ ಪದೇ ಹೊಟ್ಟೆನೋವು, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಕಾಡುವ, ವೈದ್ಯರು 'ಐಬಿಎಸ್' ಎಂದು ಕರೆಯುವ ಕರುಳಿನ ತೊಂದರೆಗೆ ಈ ಗುಳಿಗೆಗಳನ್ನು ಪ್ರಯತ್ನಿಸಬಹುದೆಂದು ಅಮೆರಿಕದ ಜಠರರೋಗ ತಜ್ಞರ ಸಂಘ 2021ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ನೆದರ್‌ಲೆಂಡ್ಸ್‌ನಲ್ಲಿ 190 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಗದಿಪಡಿಸಿದ ಮುಖ್ಯ ಮಾನದಂಡದ ಪ್ರಕಾರ ಗುಳಿಗೆಗೂ ಬರೀ ತೋರಿಕೆಯ ಮಾತ್ರೆಗೂ ಖಚಿತ ವ್ಯತ್ಯಾಸ ಕಾಣಲಿಲ್ಲ. ನೋವಿನ ತೀವ್ರತೆ ಮುಂತಾದ ಇತರ ಲಕ್ಷಣಗಳಲ್ಲಿ ಮಾತ್ರ ಸುಧಾರಣೆ ದಾಖಲಾಯಿತು. ಗುಳಿಗೆಯ ಹೊರಪದರ ಜಠರದಲ್ಲಿ ಕರಗದೆ ಕರುಳಿಗೆ ತಲುಪುವಂತೆ ರೂಪಿತವಾಗಿರುತ್ತದೆ. ಚಹಾಕ್ಕೆ ಅಂಥ ಕವಚವಿಲ್ಲ, ಅದರಲ್ಲಿರುವ ತೈಲವೂ ಬಹಳ ಕಡಿಮೆ. ಹಬ್ಬದೂಟದ ಮರುದಿನದ ಉಬ್ಬರಕ್ಕೆ ಒಂದು ಬಟ್ಟಲು ಚಹಾ ಸಾಕಾಗಬಹುದು. ವರ್ಷಗಟ್ಟಲೆ ಕಾಡುವ ಕರುಳಿನ ತೊಂದರೆಗೆ ಅದೇ ಸಾಕೆಂದು ಕೂರುವುದು, ಅದರಲ್ಲೂ ತೂಕ ಇಳಿಯುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಅಪಾಯಕಾರಿ.

'ಗ್ಯಾಸ್ಟ್ರಿಕ್' ಎಂಬ ಒಂದೇ ಪದ

ಜಿಲ್ಲೆಯ ಮನೆಮಾತಿನಲ್ಲಿ 'ಗ್ಯಾಸ್ಟ್ರಿಕ್' ಎಂಬ ಪದಕ್ಕೆ ಮಿತಿಯೇ ಇಲ್ಲ. ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಎದೆ ಭಾರವಾದರೂ ಗ್ಯಾಸ್ಟ್ರಿಕ್. ಒಲೆಯ ಮೇಲೆ ಜೀರಿಗೆ, ಓಮ ಅಥವಾ ಪುದೀನದ ಕಷಾಯ ಏರುವುದು ಈ ಎಲ್ಲಕ್ಕೂ. ಇದರಲ್ಲಿ ಎರಡು ತೊಡಕುಗಳಿವೆ. ಒಂದು ಸಣ್ಣದು, ಇನ್ನೊಂದು ಪ್ರಾಣಕ್ಕೆ ಸಂಬಂಧಿಸಿದ್ದು.

ಸಣ್ಣದು ಇದು. ಅನ್ನನಾಳವೂ ಜಠರವೂ ಸೇರುವಲ್ಲಿ ಬಿಗಿದ ಬಾಯಿಯಂತಿರುವ ಒಂದು ಸ್ನಾಯುಬಳೆ ಇದೆ. ಜಠರದ ಹುಳಿ ಮೇಲಕ್ಕೆ ಉಕ್ಕದಂತೆ ತಡೆಯುವುದು ಅದರ ಕೆಲಸ. ಕರುಳಿನ ಸ್ನಾಯುವನ್ನು ಸಡಿಲಿಸುವ ಮೆಂಥಾಲ್ ಈ ಬಳೆಯನ್ನೂ ಸಡಿಲಿಸಬಲ್ಲದು. ಆಗ ಹುಳಿ ಮೇಲೇರಿ, ಶಮನಕ್ಕೆಂದು ಕುಡಿದ ಚಹಾ ಉರಿಯನ್ನೇ ಹೆಚ್ಚಿಸುತ್ತದೆ. ಅಡುಗೆ ಪುದೀನದಿಂದ ಬಳೆ ಅಷ್ಟಾಗಿ ಸಡಿಲವಾಗದೆಂದು ಒಂದು ಸಣ್ಣ ಅಧ್ಯಯನ ಕಂಡುಕೊಂಡಿದ್ದರೂ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಕೆಲವರಿಗೆ ಅದರಿಂದಲೂ ಉರಿ ಬಂದಿತ್ತು. ಆದ್ದರಿಂದ ಉಬ್ಬರವಿದ್ದವರಿಗೆ ಹಿತವಾದ ಇದೇ ಬಟ್ಟಲು ಎದೆಯುರಿ, ಹುಳಿತೇಗು ಇರುವವರಿಗೆ ಹೊಂದುವುದಿಲ್ಲ. ರಾತ್ರಿಯೂಟ ಮುಗಿಸಿ ಚಹಾ ಕುಡಿದು ಹಾಗೆಯೇ ಹಾಸಿಗೆಗೆ ಒರಗುವವರಿಗೆ ತೊಂದರೆ ಹೆಚ್ಚು. ಪಿತ್ತಕೋಶದಲ್ಲಿ ಕಲ್ಲಿರುವವರೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಎರಡನೆಯ ತೊಡಕನ್ನು ಹಾಸನದವರಿಗೆ ಹೆಚ್ಚು ವಿವರಿಸಬೇಕಿಲ್ಲ. 2025ರ ಮೇ ಕೊನೆಯಿಂದ ಜುಲೈ ಆರಂಭದವರೆಗಿನ ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. 45 ವರ್ಷ ತುಂಬದವರೂ ಅವರಲ್ಲಿದ್ದರು. ಜನ ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲುಗಟ್ಟಿದರು. ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಅದೇ ಜುಲೈನಲ್ಲಿ ಬಂದ ವರದಿ, ಜಿಲ್ಲೆಯಲ್ಲಿ ಹೃದಯಾಘಾತ ಪ್ರಕರಣಗಳು ಅಸಹಜವಾಗಿ ಏರಿಲ್ಲವೆಂದೂ ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯವೇ ಕಾರಣವಲ್ಲವೆಂದೂ ತಿಳಿಸಿತು. ಭೀತಿ ತಗ್ಗಿತು. ಆದರೆ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳುವ ಅಭ್ಯಾಸ ತಗ್ಗಿದೆ ಎನ್ನಲಾಗದು.

ಹೃದಯದ ರಕ್ತನಾಳ ಕಟ್ಟಿಕೊಂಡಾಗ ನೋವು ಯಾವಾಗಲೂ ಎದೆಯ ಎಡಭಾಗದಲ್ಲೇ ಬರಬೇಕೆಂಬ ನಿಯಮವಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದಂತೆ, ಎದೆಯ ನಡುವೆ ಭಾರ ಹೇರಿದಂತೆ, ದವಡೆ ಅಥವಾ ತೋಳಿಗೆ ಹರಿದಂತೆ ಬರಬಹುದು. ಜೊತೆಗೆ ತೇಗು, ವಾಕರಿಕೆ ಇದ್ದರಂತೂ ಅಜೀರ್ಣವೆಂದೇ ತೋರುತ್ತದೆ. ಮಧುಮೇಹಿಗಳಲ್ಲಿ ಮತ್ತು ಮಹಿಳೆಯರಲ್ಲಿ ಲಕ್ಷಣ ಇನ್ನೂ ಮಸುಕಾಗಿರಬಹುದು. ಇಂಥ ನೋವು ಕೆಲವೊಮ್ಮೆ ತಾನಾಗಿಯೇ ಸ್ವಲ್ಪ ಹೊತ್ತು ತಗ್ಗುವುದುಂಟು. ಆ ಹೊತ್ತಿಗೆ ಸರಿಯಾಗಿ ಒಂದು ಲೋಟ ಕಷಾಯ ಕುಡಿದಿದ್ದರೆ, ಕಷಾಯವೇ ಗುಣಪಡಿಸಿತೆಂಬ ನಂಬಿಕೆ ಗಟ್ಟಿಯಾಗಿ ರೋಗಿ ಮಲಗಿಬಿಡುತ್ತಾನೆ. ಕಳೆದುಹೋಗುವುದು ಹೃದಯದ ಸ್ನಾಯು ಉಳಿಸಿಕೊಳ್ಳಬಹುದಾದ ಮೊದಲ ಒಂದೆರಡು ಗಂಟೆ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಜಿಲ್ಲಾ ಕೇಂದ್ರಕ್ಕೆ ಸರಿಸುಮಾರು 30ರಿಂದ 40 ಕಿಲೋಮೀಟರು ದೂರವಿದೆ. ಒಳಹಳ್ಳಿಗಳಿಂದ ಇನ್ನೂ ಹೆಚ್ಚು. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಂದ ಅದನ್ನು ಓದಿಸಿ, ಅಗತ್ಯ ಬಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ್ದು ಈ ದೂರವನ್ನು ತಗ್ಗಿಸಲೆಂದೇ. ಹದಿನೈದು–ಇಪ್ಪತ್ತು ನಿಮಿಷಕ್ಕೂ ಮೀರಿ ಎದೆ ಹಿಂಡುತ್ತಿದ್ದರೆ, ಬೆವರು ಕಿತ್ತು ಬರುತ್ತಿದ್ದರೆ, ನಡೆದಾಗ ಹೆಚ್ಚಿ ನಿಂತಾಗ ತಗ್ಗುತ್ತಿದ್ದರೆ ಒಲೆ ಹಚ್ಚುವ ಮೊದಲು 108ಕ್ಕೆ ಕರೆ ಮಾಡಬೇಕು.

ಮಾತ್ರೆ ನುಂಗಿ ಚಹಾ ಕುಡಿದರೆ

ಪೆಪ್ಪರ್‌ಮಿಂಟ್ ಚಹಾದಲ್ಲಿ ಕೆಫೀನ್ ಇಲ್ಲ. ನಿದ್ದೆ ಕೆಡಿಸದು, ಸಕ್ಕರೆ ಹಾಕದೆಯೂ ರುಚಿಸುತ್ತದೆ. ಹೀಗಾಗಿ ಕಾಫಿ–ಟೀಗೆ ಹೇಳುವ ಎಚ್ಚರಿಕೆಗಳು ಇದಕ್ಕೆ ಸಲ್ಲವೆಂದು ಹಲವರು ಭಾವಿಸುತ್ತಾರೆ. ಒಂದು ಎಚ್ಚರಿಕೆಯಂತೂ ಸಲ್ಲುತ್ತದೆ. ಸೊಪ್ಪು, ಕಾಳು, ರಾಗಿಯಂಥ ಸಸ್ಯಾಹಾರದಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಎಲೆಯಲ್ಲಿನ ಪಾಲಿಫಿನಾಲ್ ಎಂಬ ಒಗರು ವಸ್ತುಗಳು ಅಡ್ಡಿಮಾಡುತ್ತವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಡ್ಡಿನ ಊಟದೊಂದಿಗೆ ನೀರಿನ ಬದಲು ಪೆಪ್ಪರ್‌ಮಿಂಟ್ ಚಹಾ ಕುಡಿದವರಲ್ಲಿ ಕಬ್ಬಿಣಾಂಶದ ಹೀರಿಕೆ ಶೇ 84ರಷ್ಟು ಕುಸಿದಿತ್ತು. ಸಾಮಾನ್ಯ ಕಪ್ಪು ಚಹಾದಲ್ಲಿ ಈ ಕುಸಿತ ಶೇ 79ರಿಂದ 94. ಅಂದರೆ ಈ ವಿಷಯದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚೂಕಡಿಮೆ ಇಬ್ಬರಲ್ಲಿ ಒಬ್ಬರು. ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರ ಮೂಲಕ, ಶಾಲಾ ಬಾಲಕಿಯರಿಗೆ ವಾರಕ್ಕೊಮ್ಮೆ ಶಾಲೆಯಲ್ಲೇ ಕಬ್ಬಿಣಾಂಶದ ಮಾತ್ರೆ ತಲುಪುತ್ತದೆ. ಈ ಮಾತ್ರೆ ತಿಂದರೆ ಹೊಟ್ಟೆ ತೊಳಸುವುದು, ಬಾಯಿ ಕಹಿಯಾಗುವುದು ಸಾಮಾನ್ಯ. ಅದನ್ನು ತಣಿಸಲೆಂದು ಮೇಲೊಂದು ಲೋಟ ಪುದೀನ ಚಹಾ ಕುಡಿದರೆ ಮಾತ್ರೆಯ ಫಲವನ್ನು ಅರ್ಧ ದಾರಿಯಲ್ಲೇ ತಡೆದಂತೆ. ಮಾತ್ರೆಗೂ ಚಹಾಕ್ಕೂ ನಡುವೆ ಕನಿಷ್ಠ ಒಂದೆರಡು ಗಂಟೆಯ ಅಂತರ ಬೇಕು. ಮುದ್ದೆ, ಸೊಪ್ಪಿನ ಸಾರಿನ ಊಟದ ಬೆನ್ನಿಗೆ ಚಹಾ ಕುಡಿಯುವ ಬದಲು ಊಟದಲ್ಲಿ ಒಂದಿಷ್ಟು ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಅಂದಹಾಗೆ ಚಟ್ನಿಗೆ ಈ ಹೆದರಿಕೆ ಬೇಡ. ಅಲ್ಲಿ ಹುಣಸೆ ಅಥವಾ ನಿಂಬೆಯ ಹುಳಿ ಹೇಗೂ ಜೊತೆಗಿರುತ್ತದೆ, ಎಲೆಯೂ ಪೂರ್ತಿಯಾಗಿ ಹೊಟ್ಟೆ ಸೇರುತ್ತದೆ.

ಹಾರ್ಮೋನು ಏರುಪೇರಿನಿಂದ ಮುಖದ ಮೇಲೆ ಕೂದಲು ಬೆಳೆಯುವ, ಮುಟ್ಟು ತಪ್ಪುವ 'ಪಿಸಿಓಡಿ' ತೊಂದರೆಗೆ ಪುದೀನ ಚಹಾ ಒಳ್ಳೆಯದೆಂಬ ಮಾತು ಯುವತಿಯರಲ್ಲಿ ಹಬ್ಬಿದೆ. ಇಲ್ಲಿ ಹೇಳುವುದು ಅಡುಗೆ ಪುದೀನವನ್ನೇ. ಟರ್ಕಿಯಲ್ಲಿ ಹಾಗೂ ಇಂಗ್ಲೆಂಡಿನಲ್ಲಿ ನಡೆದ ಎರಡು ಸಣ್ಣ ಅಧ್ಯಯನಗಳಲ್ಲಿ ದಿನಕ್ಕೆರಡು ಬಾರಿ ಕುಡಿದ ಮಹಿಳೆಯರಲ್ಲಿ ಪುರುಷ ಹಾರ್ಮೋನಿನ ಮಟ್ಟ ತುಸು ಇಳಿದದ್ದು ನಿಜ. ಇಂಗ್ಲೆಂಡಿನದರಲ್ಲಿ ಇದ್ದವರು 42 ಮಂದಿ, ಅವಧಿ 30 ದಿನ. ವೈದ್ಯರು ಅಳೆದು ನೋಡಿದಾಗ ಕೂದಲು ಕಡಿಮೆಯಾದದ್ದು ಕಾಣಲಿಲ್ಲ. ಇಷ್ಟರ ಮೇಲೆ ವೈದ್ಯರ ಮದ್ದು ನಿಲ್ಲಿಸುವುದು ಜಾಣತನವಲ್ಲ.

ಹಸುಗೂಸಿನ ಮೂಗು ಕಟ್ಟಿದರೆ ಮೆಂಥಾಲ್ ಇರುವ ಮುಲಾಮನ್ನೋ ತೈಲವನ್ನೋ ಮೂಗಿನ ಕೆಳಗೆ ಸವರುವುದು ಹಲವು ಮನೆಗಳಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಕೂಡದು. ತೀಕ್ಷ್ಣವಾದ ಮೆಂಥಾಲ್ ಗಂಟಲಿನ ದಾರಿಯನ್ನು ಥಟ್ಟನೆ ಬಿಗಿದು ಉಸಿರಾಟಕ್ಕೇ ಕುತ್ತು ತರಬಲ್ಲದು.

ಕುದಿಸುವುದಲ್ಲ, ಮುಚ್ಚಿಡುವುದು

ನಮ್ಮ ಕಷಾಯದ ಪದ್ಧತಿ ಎಂದರೆ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸುವುದು. ಬೇರು, ತೊಗಟೆ, ಕಾಳುಗಳಿಗೆ ಅದು ಸರಿ. ಪುದೀನಕ್ಕೆ ಸಲ್ಲದು. ಎಲೆಯ ಸಾರವೆಲ್ಲ ಆವಿಯಾಗುವ ತೈಲದಲ್ಲಿದೆ. ಕುದಿಸಿದಷ್ಟೂ ಅದು ಹೊಗೆಯೊಡನೆ ಹೊರಟುಹೋಗಿ, ಮನೆಯೆಲ್ಲ ಘಮಘಮಿಸಿ, ಲೋಟದಲ್ಲಿ ಒಗರು ನೀರಷ್ಟೇ ಉಳಿಯುತ್ತದೆ. ಕುದಿದ ನೀರನ್ನು ಒಲೆಯಿಂದ ಇಳಿಸಿ ಎಲೆಯ ಮೇಲೆ ಹುಯ್ದು, ತಟ್ಟೆ ಮುಚ್ಚಿ, ಐದರಿಂದ ಹತ್ತು ನಿಮಿಷ ಬಿಡಬೇಕು. ತಟ್ಟೆಯ ಕೆಳಗೆ ಹನಿಗಟ್ಟಿದ ನೀರನ್ನು ಚೆಲ್ಲದೆ ಲೋಟಕ್ಕೇ ಬಿಡಬೇಕು, ತೈಲ ಇರುವುದು ಅಲ್ಲಿಯೇ.

ಐರೋಪ್ಯ ಪ್ರಾಧಿಕಾರ ಸೂಚಿಸುವ ಪ್ರಮಾಣ ವಯಸ್ಕರಿಗೆ ಒಂದು ಸಲಕ್ಕೆ 1.5ರಿಂದ 3 ಗ್ರಾಂ ಒಣ ಎಲೆ, 100ರಿಂದ 150 ಮಿಲಿಲೀಟರ್ ನೀರು; ದಿನಕ್ಕೆ ಮೂರು ಸಲ. ಹಸಿ ಎಲೆಯಲ್ಲಿ ಬಹುಪಾಲು ನೀರೇ ಇರುವುದರಿಂದ ಒಂದು ಸಣ್ಣ ಹಿಡಿಯಷ್ಟು ಬೇಕಾಗುತ್ತದೆ. ಎರಡು ಎಲೆ ತೇಲಿಬಿಟ್ಟರೆ ಕಣ್ಣಿಗೆ ಚೆನ್ನ, ಹೊಟ್ಟೆಗೆ ಏನೂ ಇಲ್ಲ. ಸೊಪ್ಪನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಎರಡು ಮೂರು ಬಾರಿ ತೊಳೆಯುವುದು ಮುಖ್ಯ. ನೆಲಕ್ಕೆ ಹತ್ತಿಕೊಂಡೇ ಬೆಳೆಯುವ ಗಿಡವಾದ್ದರಿಂದ ಮಣ್ಣು, ಕೊಳಕು ನೀರು, ಸಿಂಪಡಣೆಯ ಶೇಷ ಎಲ್ಲವೂ ಎಲೆಗೆ ಅಂಟಿರುತ್ತವೆ. ಒಣಗಿಸುವವರು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹರಡಿದರೆ ಬಣ್ಣವೂ ಪರಿಮಳವೂ ಹೋಗುತ್ತವೆ.

ತಂಬಾಕಿನ ಹೊಲಕ್ಕೆ ಪೆಪ್ಪರ್‌ಮಿಂಟ್?

ಚಹಾದ ಬೇಡಿಕೆ ಕಂಡು, ಇದನ್ನು ಇಲ್ಲಿಯೇ ಏಕೆ ಬೆಳೆಯಬಾರದೆಂಬ ಪ್ರಶ್ನೆ ಸಹಜ. ಅರಕಲಗೂಡು ತಾಲ್ಲೂಕು ತಂಬಾಕಿನ ನೆಲ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿದಂದಿನಿಂದ ಪರ್ಯಾಯ ಬೆಳೆಯ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಅಂಗಮಾರಿಗೆ ಸಿಕ್ಕಿ ನಲುಗಿದ ಆಲೂಗೆಡ್ಡೆ ಬೆಳೆಗಾರರಿಗೂ ಹೊಸ ಬೆಳೆಯ ಆಸೆ ಇದ್ದೇ ಇದೆ.

ಆದರೆ ಪೆಪ್ಪರ್‌ಮಿಂಟ್ ದೀರ್ಘ ಹಗಲಿನ ಬೆಳೆ. ಬೇಸಿಗೆಯ ಹಗಲು 15 ಗಂಟೆಯನ್ನು ಮೀರುವ ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಅದು ಹುಲುಸಾಗಿ ಬಂದು ಮೆಂಥಾಲ್ ತುಂಬಿಕೊಳ್ಳುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿರುವ ಹಾಸನದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ ಹೆಚ್ಚೂಕಡಿಮೆ 13 ಗಂಟೆಯದೇ. ಹಗಲು ಗಿಡ್ಡವಾದಲ್ಲಿ ತೈಲದ ಇಳುವರಿ ತಗ್ಗುವುದಲ್ಲದೆ, ಮೆಂಥಾಲ್‌ನ ಬದಲು ಮೆಂಥೋಫ್ಯೂರಾನ್ ಎಂಬ ಬೇಡದ ಅಂಶ ಹೆಚ್ಚುತ್ತದೆ. ಗಿಡ ಹಸಿರಾಗಿ ನಿಂತಿರುತ್ತದೆ, ಬಟ್ಟಿಗೆ ಹಾಕಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಇನ್ನು ಉತ್ತರ ಪ್ರದೇಶದ ಮೆಂಥಾಲ್ ಪುದೀನಕ್ಕೆ ನೀರು ವಿಪರೀತ ಬೇಕು. ಅಲ್ಲಿ ಹಳ್ಳಿಗಳಲ್ಲಿಯೇ ಬಟ್ಟಿ ಇಳಿಸುವ ಘಟಕಗಳೂ ಕೊಳ್ಳುವ ವರ್ತಕರೂ ಇದ್ದಾರೆ. ಇಲ್ಲಿ ಅವೆರಡನ್ನೂ ಹೊಸದಾಗಿ ಕಟ್ಟಬೇಕು. ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಾದ ಮೆಂಥಾಲ್ ಪೈಪೋಟಿಗಿರುವುದರಿಂದ ಬೆಲೆಯ ಏರಿಳಿತವೂ ದೊಡ್ಡದು.

ಸಸಿ ಕೊಟ್ಟು, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆಂದು ಮುಂಗಡ ಹಣ ಕೇಳುವವರ ಮಾತಿಗೆ ಒಪ್ಪುವ ಮೊದಲು ರೈತರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಾರೇಕೆರೆಯ ಕೃಷಿ ಕಾಲೇಜಿನಲ್ಲೋ ವಿಚಾರಿಸುವುದು ಒಳಿತು. ಮೇಲೆ ಹೇಳಿದ ಲಖನೌ ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿಯೂ ಇದೆ. ತೈಲದ ಹಂಬಲ ಬಿಟ್ಟು ಸೊಪ್ಪಿಗಾಗಿಯೇ ಅಡುಗೆ ಪುದೀನ ಬೆಳೆಯುವುದಾದರೆ ಮಾತು ಬೇರೆ. ಹೇಮಾವತಿ ನಾಲೆಯ ನೀರು ಸಿಗುವ ಕಡೆ, ಚನ್ನರಾಯಪಟ್ಟಣದ ತೆಂಗಿನ ತೋಟಗಳ ಅರೆನೆರಳಿನಲ್ಲೂ ಅದು ಬಂದೀತು. ಕೊಯ್ದಷ್ಟೂ ಚಿಗುರುತ್ತದೆ. ಆದರೆ ಒಂದೇ ದಿನದಲ್ಲಿ ಬಾಡುವ ಸರಕಾದ್ದರಿಂದ ಪೇಟೆ ಹತ್ತಿರವಿರಬೇಕು.

'ಟೀ' ಎನ್ನಬಾರದಂತೆ

ಪೊಟ್ಟಣ ಕೊಳ್ಳುವವರಿಗೆ ಇನ್ನೊಂದು ಮಾಹಿತಿ. ಚಹಾ ಗಿಡದ ಎಲೆಯಿಂದ ತಯಾರಾಗದ ಪೇಯಗಳನ್ನು 'ಟೀ' ಎಂಬ ಹೆಸರಿನಲ್ಲಿ ಮಾರುವುದು ಗ್ರಾಹಕರನ್ನು ದಾರಿ ತಪ್ಪಿಸಿದಂತೆ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕಾರ ಪೆಪ್ಪರ್‌ಮಿಂಟ್ ಎಲೆಯ ಪೊಟ್ಟಣದ ಮೇಲೆ 'ಟೀ' ಎಂದಿರಕೂಡದು. ಮನೆಮಾತಿಗೆ ಈ ಕಟ್ಟಳೆ ಇಲ್ಲವಾದ್ದರಿಂದ ಇಲ್ಲಿ ಚಹಾ ಎಂದೇ ಕರೆಯಲಾಗಿದೆ. ಕೊಳ್ಳುವವರು ನೋಡಬೇಕಾದದ್ದು ಹಿಂಬದಿಯ ಸಣ್ಣಕ್ಷರ. ಕೆಲವು ಪೊಟ್ಟಣಗಳಲ್ಲಿ ಪುದೀನದ ಚಿತ್ರವಿದ್ದರೂ ಒಳಗಿರುವುದು ಹಸಿರು ಚಹಾಕ್ಕೆ ಬೆರೆಸಿದ ಪರಿಮಳ. ಅದರಲ್ಲಿ ಕೆಫೀನ್ ಇದ್ದೇ ಇರುತ್ತದೆ. ಮೊರಾಕ್ಕೊ ದೇಶದ ಹೆಸರಾಂತ ಪುದೀನ ಚಹಾವೂ ಇಂಥದ್ದೇ, ಹಸಿರು ಚಹಾ ಮತ್ತು ಅಡುಗೆ ಪುದೀನದ ಕೂಟ, ಜೊತೆಗೆ ಧಾರಾಳ ಸಕ್ಕರೆ.

ಪೊಟ್ಟಣದ ಗೊಡವೆ ಬೇಡವೆನ್ನುವವರಿಗೆ ಸಂತೆಯಿಂದ ತಂದ ಕಟ್ಟಿನಲ್ಲೇ ದಾರಿಯಿದೆ. ಎಲೆ ಬಿಡಿಸಿಕೊಂಡ ಮೇಲೆ ಗಟ್ಟಿಯಾದ ನಾಲ್ಕು ಕಡ್ಡಿಗಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಒಂದು ವಾರ–ಹತ್ತು ದಿನದಲ್ಲಿ ಗೆಣ್ಣಿನಿಂದ ಬಿಳಿಬೇರು ಒಡೆಯುತ್ತದೆ. ಅವನ್ನು ಅಗಲವಾದ ಕುಂಡಕ್ಕೆ ಇಳಿಸಿ, ಅರ್ಧ ದಿನ ಬಿಸಿಲು ಬೀಳುವೆಡೆ ಇಟ್ಟು, ಮಣ್ಣು ಒಣಗದಂತೆ ನೀರು ಹಾಕಿದರೆ ಸಾಕು. ಕೈತೋಟದ ನೆಲಕ್ಕೆ ನೇರವಾಗಿ ನೆಡುವುದು ಬೇಡ. ಬಳ್ಳಿಬೇರು ಹರಿದು ಒಂದೇ ಮಳೆಗಾಲದಲ್ಲಿ ಪಕ್ಕದ ಕೊತ್ತಂಬರಿ ಮಡಿಯನ್ನೂ ಆಕ್ರಮಿಸಿಕೊಳ್ಳುತ್ತದೆ.